ಲಿಂಗ ತಿಂದವಳು

ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪಂಕ್ಚರ್ ಅಂಗಡಿಗೂ ಗೊಬ್ಬರದ ಮಳಿಗೆಗೂ ನಡುವೆ ಬೆಟ್ಟಸ್ವಾಮಿಯವರ ತಿಂಡಿ ಹೋಟೆಲು. ಅದಕ್ಕೆ ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಬೆಳಗಿನ ಬಸ್ಸು ಹಿಡಿಯುವ ಮೇಷ್ಟ್ರುಗಳಿಗೂ ತಾಲ್ಲೂಕು ಕಚೇರಿಗೆ ಅಲೆಯುವ ರೈತರಿಗೂ ಅಲ್ಲಿಯ ಚಿತ್ರಾನ್ನವೇ ಆಗಬೇಕು. ಅದನ್ನು ಕಲಸುವವಳು ಬೆಟ್ಟಸ್ವಾಮಿಯವರ ಮಗಳು ರುದ್ರಾಣಿ. ನಿಂಬೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು, ಸೆರಗು ಸಿಕ್ಕಿಸಿ ಕೂತರೆ ತಲೆ ಎತ್ತುವವಳಲ್ಲ. ಹಿಂಡಿ ಹಿಂಡಿ ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ನಂಜನಗೂಡಿನ ಕಡೆಯವರು ಬಂದರೆ ಮೊದಲು ಅವಳ ಮುಖ ನೋಡುತ್ತಿದ್ದರು, ಆಮೇಲೆ ಪಕ್ಕದವನ ಕಿವಿಗೆ ಬಾಗುತ್ತಿದ್ದರು. "ಇವ್ಳೇ ಕಣ್ಲಾ ಲಿಂಗ ತಿಂದೋಳು." ಪಿಸುಮಾತೇ, ಆದರೆ ಕೇಳಿಸಲೆಂದೇ ಆಡಿದ ಪಿಸುಮಾತು. ಇನ್ನೂ ನಾಲಿಗೆ ಉದ್ದ ಇದ್ದವರು ಪ್ಲೇಟು ಎತ್ತಿ ಹಿಡಿದು, "ಉಳಿ ವಸಿ ಕಮ್ಮಿ ಆಕವ್ವ, ಪ್ಲೇಟು ಕರ್ಗೋದಾತು" ಎಂದು ಹಲ್ಲು ಕಿರಿಯುತ್ತಿದ್ದರು. ಊರವರ ನಗೆಗೆ ದುಡ್ಡು ಕೊಡಬೇಕಾಗಿಲ್ಲವಲ್ಲ, ಬೇಕಾದಷ್ಟು ಬಡಿಸಿಕೊಳ್ಳುತ್ತಾರೆ.

ಅವಳು ಲಿಂಗ ತಿಂದವಳಲ್ಲ. ತಿಂದ ಬಾಯಿ ಬೇರೆ, ಒರೆಸಿದ್ದು ಇವಳ ಬಾಯಿಗೆ. ಕೋತಿ ಮೊಸರು ತಿಂದು ಮೇಕೆಯ ಮೂತಿಗೆ ಬಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ತನ್ನ ಬೀದಿಯಲ್ಲೇ ಮೇಕೆ ಸಿಕ್ಕಿಬಿದ್ದಾಗ ಕೋತಿಯನ್ನು ಹುಡುಕುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ರುದ್ರಾಣಿಯನ್ನು ನಂಜನಗೂಡಿಗೆ ಕೊಟ್ಟದ್ದು ತೊಂಬತ್ತೇಳರಲ್ಲಿ. ಕೊಟ್ಟದ್ದು ಅನ್ನುವುದಕ್ಕಿಂತ ಅವರೇ ಕೇಳಿ ತೆಗೆದುಕೊಂಡು ಹೋದದ್ದು. ಪೇಟೆಬೀದಿಯ ಬೆಲ್ಲದ ವ್ಯಾಪಾರಿ ಗಂಗಾಧರಸ್ವಾಮಿ, ಬನ್ನೂರು ಕಡೆ ಆಲೆಮನೆಗಳಿಗೆ ಬಂದಾಗಲೆಲ್ಲ ಬೆಟ್ಟಸ್ವಾಮಿಯ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಒಂದು ದಿನ ಎಲೆ ಮಡಿಸಿ, "ನಿನ್ನ ಮಗಳ ಕೈ ನಮ್ಮ ಮನೆಗೆ ಬರಲಿ ಕಣಯ್ಯಾ" ಅಂದುಬಿಟ್ಟರು. ಮಗ ಸೋಮಶೇಖರ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಟ್ಟಸ್ವಾಮಿಗೆ ಕನಸೋ ನನಸೋ ತಿಳಿಯಲಿಲ್ಲ.

ಆದರೆ ಆ ಮನೆಯಲ್ಲಿ ಗಂಗಾಧರಸ್ವಾಮಿಯ ಹೆಂಡತಿ ಚನ್ನಾಜಮ್ಮನ ಲೆಕ್ಕ ಬೇರೆಯೇ ಇತ್ತು. ತಮ್ಮನ ಮಗಳು ನಯನ ಆಗಿನ್ನೂ ಹೈಸ್ಕೂಲು. ಅವಳು ದೊಡ್ಡವಳಾಗುವತನಕ ಮಗ ಕಾಯಲಿ, ತವರಿನ ಹೆಣ್ಣೇ ಸೊಸೆಯಾಗಿ ಬರಲಿ ಎಂದು ಆಕೆ ತಮ್ಮನಿಗೆ ಮಾತು ಕೊಟ್ಟಿದ್ದಳು. ಗಂಡ ಆ ಮಾತನ್ನು ಹೋಟೆಲಿನ ಎಲೆಯಲ್ಲಿ ಸುತ್ತಿ ಬಿಸಾಡಿದ್ದ. ಗಂಡನನ್ನು ಏನೂ ಮಾಡುವಂತಿರಲಿಲ್ಲ. ಸೊಸೆಯನ್ನು ಮಾಡಬಹುದಿತ್ತು.

ಮದುವೆಯಾದ ಹೊಸತರಲ್ಲೇ ರುದ್ರಾಣಿ ಒಂದು ತಪ್ಪು ಮಾಡಿದಳು. ಅಡುಗೆಮನೆಯ ಕಟ್ಟೆಗೆ ಚನ್ನಾಜಮ್ಮ ಕಪ್ಪನೆಯ ಕಡಪ ಕಲ್ಲು ಹಾಕಿಸಿದ್ದಳು. ಎಣ್ಣೆ ಸವರಿ ಒರೆಸಿ ಅದನ್ನು ಮುಖ ಕಾಣುವ ಹಾಗೆ ಇಟ್ಟುಕೊಂಡಿದ್ದಳು. ಒಂದು ಸಂಜೆ ರುದ್ರಾಣಿ ನಿಂಬೆಹಣ್ಣು ಕೊಯ್ದು ಅರ್ಧ ಹೋಳನ್ನು ಅದರ ಮೇಲೆ ಬೋರಲು ಮಾಡಿ ಮರೆತಳು. ಬೆಳಿಗ್ಗೆ ಎತ್ತಿದರೆ ಕಲ್ಲಿನ ಮೇಲೆ ಬಿಲ್ಲೆಯಷ್ಟಗಲ ಬಿಳಿ ಕಲೆ. ತೊಳೆದರೂ ಹೋಗಲಿಲ್ಲ, ಉಜ್ಜಿದರೂ ಹೋಗಲಿಲ್ಲ.

"ನಿಂಬೆ ಉಳಿ ಕಲ್ಲು ತಿಂತದೆ ಅಂತ ಗೊತ್ತಿಲ್ವೇನಮ್ಮಿ? ಓಟ್ಲು ನಡ್ಸೋರ ಮಗಳಿಗೆ ಇಷ್ಟೂ ಗೊತ್ತಿಲ್ವೇ?" ಎಂದಳು ಚನ್ನಾಜಮ್ಮ. ಬೈದು ಸುಮ್ಮನಾಗಿದ್ದರೆ ಅತ್ತೆ ಅನ್ನಬಹುದಿತ್ತು. ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ಸೊಸೆಯನ್ನು ಕರೆದು, ಆ ಕಲೆಯ ಮೇಲೇ ನೇರವಾಗಿ ಅನ್ನ ಬಡಿಸಿದಳು. ತಟ್ಟೆ ಇಲ್ಲ, ಎಲೆ ಇಲ್ಲ. "ನೀನು ಮಾಡಿದ ಕಲೆ, ನೀನೇ ತಿಂದು ಸವೆಸು." ಆ ತಿಂಗಳೆಲ್ಲ ರುದ್ರಾಣಿ ಕಟ್ಟೆಯ ಮುಂದೆ ನಿಂತುಕೊಂಡು ಕಲ್ಲಿನ ಮೇಲೇ ಉಂಡಳು. ಸೋಮಶೇಖರ್ ಒಂದು ಸಲ ನೋಡಿದ. ನೀರಿನ ಚೊಂಬು ತೆಗೆದುಕೊಂಡು ಹೊರಗೆ ಹೋದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಂಡಸು ಅವನು. ಅಂಥವನ ಮನೆಯಲ್ಲಿ ಹಾವಿಗೆ ಆಯಸ್ಸು ಹೆಚ್ಚು.

ಮಾವ ಇರುವತನಕ ಹೇಗೋ ನಡೆಯಿತು. ಶಿವಾನಿ ಹುಟ್ಟಿದಳು, ಗಂಗಾಧರಸ್ವಾಮಿ ಮೊಮ್ಮಗಳನ್ನು ಬೆಲ್ಲದ ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು ಮೆರೆಸಿದರು. ಎರಡು ವರ್ಷಕ್ಕೆ ಎದೆನೋವು ಬಂದು ಹೋಗಿಬಿಟ್ಟರು. ಆಮೇಲೆ ಅಂಗಡಿಯೂ ಚನ್ನಾಜಮ್ಮನದು, ಮನೆಯೂ ಚನ್ನಾಜಮ್ಮನದು. "ಗಂಡು ಎರ್ಲಿಲ್ಲ, ಗಂಡನ ಮನೆ ಯಜಮಾನನ್ನ ನುಂಗಿದ್ಲು. ಓಗ್ಬೇಕು ಅಂತ ಇದ್ರೆ ಓಗ್ಲಿ. ಮಗ ಮಾತ್ರ ನಮ್ದು" ಎಂದು ಬಂದವರ ಮುಂದೆಲ್ಲ ಹೇಳತೊಡಗಿದಳು. ಮಗ ಅಂದರೆ ಶಿವಾನಿ. ಬಿ.ಎ. ಮುಗಿಸಿದ ನಯನ ಇನ್ನೂ ಮದುವೆಯಿಲ್ಲದೆ ಕಾಯುತ್ತಿದ್ದಳು. ರುದ್ರಾಣಿಗೆ ಗಂಡನ ಮೇಲೆ ಅಂಥ ಆಸೆಯೇನೂ ಉಳಿದಿರಲಿಲ್ಲ. ಆ ಹೊಸ್ತಿಲು ದಾಟಿದರೆ ಮಗಳು ಕೈ ತಪ್ಪುತ್ತಾಳೆ ಎಂಬ ಭಯವೊಂದೇ ಅವಳನ್ನು ಅಲ್ಲಿ ಕಟ್ಟಿಹಾಕಿತ್ತು.

ಎರಡು ಸಾವಿರದ ಮೂರರಲ್ಲಿ ಸೋಮಶೇಖರನಿಗೆ ಸರ್ಕಾರದ ಖರ್ಚಿನಲ್ಲಿ ಊರು ಸುತ್ತುವ ಎಲ್‌ಟಿಸಿ ಸಿಕ್ಕಿತು. ಕಚೇರಿಯವರೆಲ್ಲ ಅಂಡಮಾನ್ ನೋಡಿ ಬಂದಿದ್ದಾರೆ, ತಾನೂ ನೋಡಬೇಕು ಎಂದ. ಸಮುದ್ರ ದಾಟುವುದು ಬೇಡವೆಂದು ತಾಯಿ ಊರಲ್ಲೇ ಉಳಿದಳು. ಚೆನ್ನೈಯಿಂದ ಹಡಗು. ರುದ್ರಾಣಿ ವಾಂತಿ ಮಾಡಿಕೊಂಡರೂ ಸುಖವಾಗಿದ್ದಳು, ಯಾಕೆಂದರೆ ಹಡಗಿನಲ್ಲಿ ಅತ್ತೆ ಇರಲಿಲ್ಲ.

ಬಾರಾಟಾಂಗ್ ದ್ವೀಪಕ್ಕೆ ಕಾಡಿನ ದಾರಿ, ಆಮೇಲೆ ದೋಣಿ. ನೀರಲ್ಲೇ ಬೇರು ಬಿಟ್ಟ ಮರಗಳು ಎರಡೂ ಕಡೆ ಬಾಗಿ ಚಪ್ಪರ ಹಾಕಿದ್ದವು. ಇಳಿದು ಗದ್ದೆ ಬದುವಿನಂಥ ಕಾಲುದಾರಿಯಲ್ಲಿ ನಡೆದರೆ ಸುಣ್ಣದ ಕಲ್ಲಿನ ಗುಹೆ. ಒಳಗೆ ಟಾರ್ಚು ಬಿಟ್ಟಾಗ ರುದ್ರಾಣಿ ಬಾಯಿ ತೆರೆದವಳು ಮುಚ್ಚಲಿಲ್ಲ. ಮೇಲಿನಿಂದ ಕಲ್ಲುಗಳು ಹಸುವಿನ ಕೆಚ್ಚಲ ಹಾಗೆ ಇಳಿಬಿದ್ದಿದ್ದವು. ಕೆಲವು ಮಡಿಕೆ ಮಡಿಕೆಯಾಗಿ ಒಣಹಾಕಿದ ಸೀರೆ. ಕೆಲವು ಕಡೆ ಮೇಲಿನದೂ ಕೆಳಗಿನದೂ ಕೂಡಿ ಕಂಬವಾಗಿ ನಿಂತಿತ್ತು. ಎಲ್ಲವೂ ಒದ್ದೆ, ಎಲ್ಲವೂ ಹಾಲಿನ ಕೆನೆಯ ಬಣ್ಣ.

ದಾರಿ ತೋರಿಸುವವನು ಹಿಂದಿಯಲ್ಲಿ ಹೇಳಿದ್ದನ್ನು ಸೋಮಶೇಖರ್ ಕನ್ನಡ ಮಾಡಿ ಹೇಳಿದ. ಮಳೆನೀರು ಬೆಟ್ಟದೊಳಗೆ ಇಂಗುವಾಗ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಹನಿ ತೊಟ್ಟಿಕ್ಕುವಾಗ ಮೇಲೊಂದು ಕಣ ಬಿಟ್ಟುಹೋಗುತ್ತದೆ, ಬಿದ್ದಲ್ಲಿ ಇನ್ನೊಂದು. ಹಾಗೆ ಮೇಲಿನದು ಇಳಿಯುತ್ತದೆ, ಕೆಳಗಿನದು ಏಳುತ್ತದೆ. ಒಂದು ಬೆರಳಗಲ ಬೆಳೆಯಲು ನೂರಾರು ವರ್ಷ. ಮುಟ್ಟಬೇಡಿ, ಕೈಯ ಜಿಡ್ಡು ತಗಲಿದರೆ ಬೆಳೆಯುವುದು ನಿಂತುಹೋಗುತ್ತದೆ.

ಒಂದು ಮೂಲೆಯಲ್ಲಿ ನೆಲದಿಂದ ಗೇಣುದ್ದದ ಕಲ್ಲೊಂದು ಎದ್ದಿತ್ತು. ತುದಿ ದುಂಡಗೆ, ಬುಡ ಅಗಲ. ನೇರ ಮೇಲೆ ಕೆಚ್ಚಲ ಮೊಲೆಯಂಥ ಕಲ್ಲಿನ ತುದಿಯಲ್ಲಿ ಒಂದು ಹನಿ ತುಂಬಿಕೊಳ್ಳುತ್ತ ನಿಂತಿತ್ತು. ಬಿತ್ತು. ಕಂಕುಳಲ್ಲಿದ್ದ ಶಿವಾನಿ, "ಅಮ್ಮಾ, ಅದು ಪಾಪುಗೆ ಹಾಲು ಕುಡಿಸ್ತಾ ಇದೆ" ಎಂದಳು. ರುದ್ರಾಣಿಗೆ ಮಗಳ ಮಾತು ಹಿಡಿಸಿತು. ಗುಂಪು ಮುಂದೆ ಹೋದರೂ ಅವಳು ನಿಂತೇ ಇದ್ದಳು.

"ಏಯ್ ರುದ್ರಾ, ಥೇಟ್ ಲಿಂಗ ಕಣೇ! ಉದ್ಭವಲಿಂಗ! ಅಮ್ಮನಿಗೆ ಕೊಟ್ರೆ ಕುಣಿದಾಡ್ತಾಳೆ" ಎಂದ ಸೋಮಶೇಖರ್.

"ಬೇಡ ಕಣ್ರೀ. ಇನ್ನೂ ಬೆಳೀತಾ ಇದೆ. ಮುಟ್ಬೇಡಿ ಅಂದ್ನಲ್ಲ ಆತ."

"ಮುಟ್ಬೇಡಿ ಅಂದ. ತಗೊಂಡೋಗ್ಬೇಡಿ ಅಂದ್ನಾ?" ಗುಮಾಸ್ತನ ಬುದ್ಧಿ ನೋಡಿ, ಗುಹೆಯೊಳಗೂ ಕಾನೂನು ಹುಡುಕಿತು. ಬೂಟಿನ ಹಿಮ್ಮಡಿಯಿಂದ ಬುಡಕ್ಕೆ ಒದ್ದ. ಎರಡನೇ ಒದೆಗೆ ಗಡಿಗೆ ಒಡೆದಂತೆ ಸದ್ದಾಗಿ ಕಲ್ಲು ಉರುಳಿತು. ಶಿವಾನಿಯ ಸ್ವೆಟರಿನಲ್ಲಿ ಸುತ್ತಿ ರುದ್ರಾಣಿಯ ಬ್ಯಾಗಿಗೆ ತುರುಕಿದ. ಹೆಂಗಸರ ಬ್ಯಾಗನ್ನು ಯಾರೂ ತಡಕುವುದಿಲ್ಲ ಎಂಬುದು ಅವನ ಧೈರ್ಯ. ಹೊರಡುವಾಗ ರುದ್ರಾಣಿ ತಿರುಗಿ ನೋಡಿದಳು. ಮೇಲಿನ ಹನಿ ಮುರಿದ ಬುಡದ ಮೇಲೆ ಬೀಳುತ್ತಲೇ ಇತ್ತು.

ನಂಜನಗೂಡಿನಲ್ಲಿ ಕಲ್ಲಿಗೆ ರಾಜಮರ್ಯಾದೆ ಸಿಕ್ಕಿತು, ದೇವರಮನೆಯಲ್ಲಿ ಪಾಣಿಬಟ್ಟಲಿನ ಮೇಲೆ ಕೂತಿತು. ಮಠದ ಅಯ್ನೋರು ಬಂದವರು ನೋಡಿ, "ಎದೆಯ ಮೇಲೆ ಲಿಂಗ ಕಟ್ಟಿಕೊಂಡವರಿಗೆ ಇನ್ನೊಂದು ಲಿಂಗ ಯಾತಕ್ಕವ್ವಾ?" ಎಂದರು. ಚನ್ನಾಜಮ್ಮ ಅಡ್ಡಬಿದ್ದು, "ತಾನಾಗಿ ಬಂದದ್ದು ಬುದ್ಧಿ, ಎಂಗೆ ಓಗು ಅನ್ನಲಿ?" ಎಂದಳು. ಅಯ್ನೋರು ಹಾಲು ಕುಡಿದು ಹೋದರು.

ನೂರಾರು ವರ್ಷಕ್ಕೊಂದು ಬೆರಳಗಲ ಬೆಳೆಯುವ ಕಲ್ಲೆಂದು ಮಗ ಹೇಳಿದ್ದನ್ನು ಚನ್ನಾಜಮ್ಮ ಚೆನ್ನಾಗಿ ಕೇಳಿಸಿಕೊಂಡಳು. ನೆಂಟರನ್ನೆಲ್ಲ ಸೇರಿಸಿದ ದಿನ ದೇವರಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಇದು ಬೆಳೆಯೋ ಲಿಂಗ. ಬೆಳೆಯೋದು ಸವೆಯೋದೂ ಉಂಟು. ಪೂಜೆ ಮಾಡೋ ಕೈ ಸುದ್ದವಾಗಿದ್ರೆ ಬೆಳೀತದೆ, ಕೆಟ್ಟದಾಗಿದ್ರೆ ಸವೀತದೆ. ಇವತ್ತಿಂದ ಪೂಜೆ ನನ್ನ ಸೊಸೇದು." ಸಕ್ಕರೆ ಡಬ್ಬದ ಬೀಗದ ಕೈಯನ್ನೂ ಸೊಸೆಗೆ ಬಿಡದವಳು ದೇವರನ್ನೇ ಬಿಟ್ಟುಕೊಟ್ಟಳಲ್ಲ ಎಂದು ನೆಂಟರು ಬೆರಗಾದರು. ರುದ್ರಾಣಿಯೂ ಹಿಗ್ಗಿದಳು, ಪಾಪ.

ಪೂಜೆಯ ಕ್ರಮವನ್ನೂ ಅತ್ತೆಯೇ ಹೇಳಿಕೊಟ್ಟಳು. "ನಮ್ಮೂರಪ್ಪ ನಂಜು ಕುಡ್ದೋನು ಕಣಮ್ಮಿ. ಗಂಟ್ಲು ಉರೀತಿರ್ತದೆ. ಮೊಸರು ಉಯ್ಯಿ, ಅದ್ರ ಮೇಲೆ ನಿಂಬೆಅಣ್ಣು ಇಂಡು. ತಣ್ಣಗಾಗ್ಲಿ." ಊರ ದೇವರು ನಂಜುಂಡ, ನಂಜು ಕುಡಿದ ಗಂಟಲಿಗೆ ತಂಪು ಬೇಡವೇ? ಆ ಊರಿನಲ್ಲಿ ಹುಟ್ಟಿದ ಯಾರಿಗೂ ಅದರಲ್ಲಿ ತಪ್ಪು ಕಾಣುವಂತಿರಲಿಲ್ಲ. ದಿನಾ ಬೆಳಿಗ್ಗೆ ರುದ್ರಾಣಿ ಹಿಂಡಿದಳು. ಅತ್ತೆ ಹಿಂದೆಯೇ ಮಣೆ ಹಾಕಿ ಕೂತು ನೋಡಿದಳು. ಅಮಾವಾಸ್ಯೆ ಬಂದಾಗಲೊಮ್ಮೆ ಲಿಂಗದ ಸುತ್ತ ನೂಲು ಸುತ್ತಿ ಅಳತೆ ಹಿಡಿದು, ಅರಿಶಿನ ಹಚ್ಚಿ ಗೋಡೆಯ ಮೊಳೆಗೆ ಕಟ್ಟಿದಳು. ಪ್ರತಿ ನೂಲೂ ಹಿಂದಿನದಕ್ಕಿಂತ ಗಿಡ್ಡ. ಬಂದವರ ಕಣ್ಣೆಲ್ಲ ಮೊದಲು ನೂಲಿನ ಮೇಲೆ, ಆಮೇಲೆ ರುದ್ರಾಣಿಯ ಕೈಯ ಮೇಲೆ.

ರುದ್ರಾಣಿ ಉಪವಾಸ ಮಾಡಿದಳು. ಕಪಿಲೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಪೂಜೆಗೆ ಕೂತಳು. ತನ್ನ ಕೈಯಲ್ಲಿ ಏನು ದೋಷವಿದೆಯೆಂದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ದೇವರೇ ತನ್ನನ್ನು ಒಲ್ಲೆನೆಂದ ಮೇಲೆ ಮಗಳನ್ನು ಯಾವ ಬಾಯಲ್ಲಿ ಕೇಳುವುದೆಂದು ಅತ್ತಳು.

ಗುಟ್ಟು ಬಿಟ್ಟುಕೊಟ್ಟದ್ದು ಒಂದು ಬೆಕ್ಕು. ಅದು ಮೊಸರಿನ ಗಡಿಗೆಗೆ ಬಾಯಿ ಹಾಕಿದ್ದರಿಂದ ಆ ಬೆಳಿಗ್ಗೆ ರುದ್ರಾಣಿ ಬರಿಯ ಕಲ್ಲಿನ ಮೇಲೇ ನಿಂಬೆಹಣ್ಣು ಹಿಂಡಿದಳು. ರಸ ಬಿದ್ದಲ್ಲಿ ಚುರ್ರೆಂದು ಸಣ್ಣ ಸದ್ದು, ಬಿಳಿ ನೊರೆ. ಇಷ್ಟು ದಿನ ಮೊಸರಿನ ಅಡಿಯಲ್ಲಿ ಕಾಣದೆ ಇದ್ದದ್ದು ಇದೇ. ಅಡುಗೆಮನೆಯ ಕಡಪ ಕಲ್ಲು, ಬಿಲ್ಲೆಯಗಲದ ಕಲೆ, ಅದರ ಮೇಲೆ ಉಂಡ ಅನ್ನ, ಎಲ್ಲವೂ ಒಂದೇ ಉಸಿರಿಗೆ ಅವಳಿಗೆ ನೆನಪಾಯಿತು. ಇದೂ ಅದೇ ಜಾತಿಯ ಕಲ್ಲು. ತನ್ನ ಕೈಯಲ್ಲಿ ದೋಷವಿಲ್ಲ, ಹಣ್ಣಿನಲ್ಲಿದೆ. ಅವಳಿಗೆ ನಗು ಬಂತು. ಎಷ್ಟೋ ತಿಂಗಳಾದ ಮೇಲೆ ಬಂದ ನಗು.

ಗಂಡನಿಗೆ ಹೇಳಿದಳು. "ಅಮ್ಮನಿಗೆ ಹೇಳು" ಎಂದ. ಅಮ್ಮನಿಗೆ ಹೇಳಿದಳು, ನಾಳೆಯಿಂದ ನಿಂಬೆಹಣ್ಣು ಬೇಡ ಅತ್ತೆ ಎಂದು. ಚನ್ನಾಜಮ್ಮ, "ಸ್ವಾಮಿ ಬಾಯಿಂದ ತುತ್ತು ಕಿತ್ಕೊತೀಯಾ?" ಎಂದಷ್ಟೇ ಕೇಳಿದಳು.

ಹಾಗಾದರೆ ಎಲ್ಲರೆದುರೇ ತೋರಿಸುತ್ತೇನೆಂದು ರುದ್ರಾಣಿ ನಿಶ್ಚಯಿಸಿದಳು. ಶಿವರಾತ್ರಿಯ ದಿನ ಮನೆ ತುಂಬ ನೆಂಟರು. ಚನ್ನಾಜಮ್ಮ ಮೊಳೆಯಿಂದ ನೂಲುಗಳನ್ನು ಬಿಚ್ಚಿ ಒಂದರ ಪಕ್ಕ ಒಂದು ಹಾಸಿದಳು. "ನೀವೇ ನೋಡ್ರಪ್ಪ. ಇವ್ಳ ಕೈಗೆ ದೇವ್ರೇ ಸವೀತಾವ್ನೆ, ನನ್ನ ಮಗ ಉಳೀತಾನಾ?" ನೆಂಟರು ತಲೆ ತಗ್ಗಿಸಿದರು. ಒಪ್ಪಿಗೆಯ ತಗ್ಗಿಸುವಿಕೆ ಅದು.

ರುದ್ರಾಣಿ ಎದ್ದಳು. "ಅತ್ತೆ, ಇದು ನನ್ನ ಕೈಗೆ ಸವೀತಿಲ್ಲ, ಹುಳಿಗೆ ಕರಗ್ತಾ ಇದೆ. ಎಲ್ಲರೂ ನೋಡಿ." ಲಿಂಗವನ್ನು ನೀರಿನಲ್ಲಿ ತೊಳೆದಳು, ಬಟ್ಟೆಯಲ್ಲಿ ಒರೆಸಿದಳು, ನಿಂಬೆಹಣ್ಣು ಎತ್ತಿ ಎಲ್ಲರ ಕಣ್ಣಿಗೂ ಕಾಣುವಂತೆ ಹಿಂಡಿದಳು. ಕಲ್ಲು ಚುರುಗುಟ್ಟಿತು. ನೊರೆ ಉಕ್ಕಿ ಪಾಣಿಬಟ್ಟಲಿಗೆ ಇಳಿಯಿತು. ಮುಗಿಯಿತು, ಗೆದ್ದೆ ಎಂದುಕೊಂಡಳು ರುದ್ರಾಣಿ.

ಆಗ ಪಕ್ಕದ ಮನೆಯ ಮುದುಕಿ ಮರಿತಾಯಮ್ಮ ಎರಡೂ ಕೈ ಮೇಲೆತ್ತಿ ಕಿರುಚಿದಳು, "ಉಸ್ರಾಡ್ತಾವ್ನೆ! ನನ್ನಪ್ಪ ಉಸ್ರಾಡ್ತಾವ್ನೆ ಕಣ್ರೋ!" ಕಿರುಚಿ ಅಲ್ಲೇ ಉದ್ದಂಡ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಗಂಡಸರು. ರುದ್ರಾಣಿ, "ಉಸಿರಲ್ಲ ಅಜ್ಜಿ, ಹುಳಿ, ಹುಳಿ ಕಣಜ್ಜಿ" ಎಂದು ಕೂಗಿದ್ದು ಹರಹರ ಮಹಾದೇವದಲ್ಲಿ ಕೊಚ್ಚಿಹೋಯಿತು. ಕಣ್ಣಿಗೆ ಕಂಡದ್ದನ್ನು ಜನ ನಂಬುವುದಿಲ್ಲ, ನಂಬಿದ್ದನ್ನೇ ಕಾಣುತ್ತಾರೆ.

ಚನ್ನಾಜಮ್ಮ ಒಂದು ಗಳಿಗೆ ತಬ್ಬಿಬ್ಬಾದಳು. ಒಂದೇ ಗಳಿಗೆ. ಆಮೇಲೆ ಮುಂದೆ ಬಂದು ಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಸೊಸೆ ಕೈಗುಣ ಕಣ್ರವ್ವ!"

ಸೋಮವಾರ ಬಂತೆಂದರೆ ಮನೆಯ ಮುಂದೆ ಸಾಲು. ತಗಡೂರಿನಿಂದ ಬಂದರು, ಬನ್ನೂರಿನಿಂದ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಿಂಬೆಹಣ್ಣು. ರುದ್ರಾಣಿಗೆ ರೇಷ್ಮೆ ಸೀರೆ, ಕೂರಲು ಮಣೆ, ಮಡಿಲಲ್ಲಿ ಶಿವಾನಿ. ಅವಳು ಹಿಂಡಬೇಕು, ಲಿಂಗ ಉಸಿರಾಡಬೇಕು. ಅವಳಿಗೆ ಗೊತ್ತಿತ್ತು. ಒಂದೊಂದು ಹಣ್ಣಿಗೂ ಆ ಗುಹೆಯ ಎಷ್ಟೋ ವರ್ಷ ನೊರೆಯಾಗಿ ಹರಿದು ಹೋಗುತ್ತಿದೆಯೆಂದು ಗೊತ್ತಿತ್ತು. ಕದ್ದು ಹಣ್ಣಿನ ರಸಕ್ಕೆ ನೀರು ಬೆರೆಸಿದಳು. ನೊರೆ ಕಡಿಮೆಯಾದರೆ ಜನ ಗೊಣಗಿದರು. ಆದರೂ ಹಿಂಡಿದಳು. ಹಿಂಡುತ್ತಿರುವಷ್ಟು ದಿನ ಯಾರೂ ತವರಿಗೆ ಹೋಗು ಎನ್ನುತ್ತಿರಲಿಲ್ಲ, ಮಡಿಲಿನಿಂದ ಮಗಳನ್ನು ಎತ್ತುತ್ತಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಇದು ತನ್ನ ಕಾಲ ಎಂದು ಅವಳು ಮೈಮರೆತಳು. ಅದನ್ನು ತಪ್ಪು ಅನ್ನುವವರು ಒಂದು ತಿಂಗಳು ಕಲ್ಲಿನ ಮೇಲೆ ಉಂಡು ಬಂದು ಆಮೇಲೆ ಹೇಳಲಿ.

ಗೇಣುದ್ದದ್ದು ಚೋಟುದ್ದವಾಯಿತು. ಶ್ರಾವಣದ ಹೊತ್ತಿಗೆ ಹೆಬ್ಬೆರಳು. ಕಾರ್ತಿಕದ ಸೋಮವಾರ, ಹೊರಗೆ ಜನ ಕಾಯುತ್ತಿರುವಾಗ, ಅಡಿಕೆಯಷ್ಟು ಉಳಿದಿದ್ದದ್ದು ರುದ್ರಾಣಿಯ ಬೆರಳುಗಳ ನಡುವೆ ಪುಡಿಯಾಗಿ ರಸದಲ್ಲಿ ಕಲೆತು ಹೋಯಿತು. ಅವಳು ಬರಿಗೈ ಬಿಚ್ಚಿ ಹಿಡಿದು ಕೂತಿದ್ದಳು. ಸಾಲಿನ ಮುಂದಿದ್ದವಳು ಮರಿತಾಯಮ್ಮ. ಬಗ್ಗಿ ಪಾಣಿಬಟ್ಟಲು ನೋಡಿದಳು, ರುದ್ರಾಣಿಯ ಕೈ ನೋಡಿದಳು. "ತಿಂದ್ಬುಟ್ಲಲ್ರೋ! ಲಿಂಗ ತಿಂದ್ಬುಟ್ಲು!" ಎಂದಳು. ನಂಜನಗೂಡು ಆ ಹೆಸರನ್ನು ಮತ್ತೆ ಬಿಡಲಿಲ್ಲ.

ರುದ್ರಾಣಿಯನ್ನು ತವರಿಗೆ ಕಳಿಸುವ ಪಂಚಾಯ್ತಿ ಸೇರಿತು. ಒಬ್ಬಿಬ್ಬರು ಹಿರಿಯರು, ಹೆಣ್ಣುಮಗಳು, ಒಂದು ಅವಕಾಶ ಕೊಡೋಣ ಅಂದರು. ಮಾತು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಡಿಸೆಂಬರಿನ ಕೊನೆಯ ಭಾನುವಾರ ಸಮುದ್ರ ಉಕ್ಕಿತು. ಟೀವಿಯಲ್ಲಿ ಅಂಡಮಾನು ತೋರಿಸಿದರು, ಕೊಚ್ಚಿಹೋದ ಮನೆಗಳು, ಸಾಲು ಹೆಣಗಳು. ಚನ್ನಾಜಮ್ಮ ಬೀದಿ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು. "ಆ ಸೀಮೆ ಸ್ವಾಮೀನ ಇವ್ಳು ತಿಂದ್ಲು, ಸ್ವಾಮಿ ಆ ಸೀಮೇನೇ ತಿಂದ್ಬುಟ್ಟ!" ಅಷ್ಟು ಸಾವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಬಹುದೆಂದು ಯಾರಿಗೆ ತಾನೇ ಹೊಳೆದೀತು? ಆಕೆಗೆ ಹೊಳೆಯಿತು. ಊರು ಹೌದೆಂದಿತು.

ಮೊಮ್ಮಗಳನ್ನಾದರೂ ಬಿಡಿಸಿಕೊಳ್ಳಲು ಬೆಟ್ಟಸ್ವಾಮಿ ಕೋರ್ಟಿನ ಮಾತೆತ್ತಿದರು. ಆಗ ಮೊಟ್ಟಮೊದಲ ಬಾರಿಗೆ ಸೋಮಶೇಖರ್ ಬಾಯಿ ಬಿಟ್ಟ. "ಕೋರ್ಟಿಗೆ ಹೋದ್ರೆ ಕಲ್ಲು ಎಲ್ಲಿಂದ ಬಂತು ಅಂತ ಕೇಳ್ತಾರೆ ಮಾವ. ನಾನು ಸರ್ಕಾರಿ ನೌಕರ, ನನಗೇನೂ ಗೊತ್ತಿಲ್ಲ ಅಂತೀನಿ. ಬ್ಯಾಗು ಇವಳದು. ಜೈಲಿಗೆ ಹೋಗೋಳು ಇವಳೇ." ಕಲ್ಲಿಗೆ ಒದ್ದ ಕಾಲನ್ನು ಅವನು ಚಪ್ಪಲಿಯೊಳಗೆ ಆಡಿಸುತ್ತ ಕೂತಿದ್ದ. ಬೆಟ್ಟಸ್ವಾಮಿ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು, ಕೋರ್ಟಿನ ಮಾತು ಅಲ್ಲಿಗೇ ಮುಗಿಯಿತು.

ಹೊರಡುವ ದಿನ ಶಿವಾನಿ ಮನೆಯಲ್ಲಿರಲಿಲ್ಲ. ಹಿಂದಿನ ದಿನವೇ ಅವಳನ್ನು ನಯನಳ ಮನೆಗೆ ಕಳಿಸಿದ್ದರು. ರುದ್ರಾಣಿ ಟ್ರಂಕು ಹಿಡಿದು ಅಡುಗೆಮನೆಗೆ ಬಂದಳು, ಒಂದು ಸಲ ಮಗಳನ್ನು ತೋರಿಸಿ ಎಂದು ಕಾಲು ಹಿಡಿಯಲು. ಚನ್ನಾಜಮ್ಮ ಕಟ್ಟೆಯ ಕಡಪ ಕಲ್ಲಿಗೆ ಎಣ್ಣೆ ಸವರುತ್ತಿದ್ದಳು. ಆ ಬಿಳಿ ಕಲೆಯ ಮೇಲೆ ಬಟ್ಟೆ ನಿಲ್ಲಿಸಿ, ತಿರುಗದೆ, ದಿನಸಿ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು.

"ಕಡಪ ಕಲ್ಲನ್ನೇ ತಿನ್ನೋ ಉಳಿ, ಆ ಬಿಳಿ ಕಲ್ಲು ಬಿಡ್ತದೇನಮ್ಮಿ? ನಿನ್ಗೆ ಆಮೇಲೆ ಗೊತ್ತಾಯ್ತು. ನನ್ಗೆ ಅದು ಮನೆಗೆ ಬಂದ ದಿನಾನೇ ಗೊತ್ತಿತ್ತು."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ ಎಂಬುದು ಹೇಳಿದವಳಿಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು. ರುದ್ರಾಣಿ ಟ್ರಂಕು ಎತ್ತಿಕೊಂಡು ಬಸ್ಸಿಗೆ ನಡೆದಳು.

ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಸೋಮಶೇಖರ್ ನಯನಳನ್ನು ಮದುವೆಯಾದ. ರುದ್ರಾಣಿ ಅಪ್ಪನ ಹೋಟೆಲಿನಲ್ಲಿ ನಿಂಬೆಹಣ್ಣಿನ ಬುಟ್ಟಿಯ ಮುಂದೆ ಕೂತಳು. ಬೇರೆ ಕೆಲಸ ಮಾಡು ಮಗ ಎಂದು ಬೆಟ್ಟಸ್ವಾಮಿ ಎಷ್ಟು ಹೇಳಿದರೂ ಕೇಳಲಿಲ್ಲ.

ಎರಡು ಸಾವಿರದ ಒಂಬತ್ತರ ಬೇಸಿಗೆ ರಜೆಯಲ್ಲಿ ಸೋಮಶೇಖರ್ ಯಾವುದೋ ಜಮೀನಿನ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಬಂದ. ಏನು ಕರುಣೆ ಉಕ್ಕಿತೋ, ಶಿವಾನಿಯನ್ನೂ ಕರೆತಂದಿದ್ದ. ಹೋಟೆಲಿನ ಬಾಗಿಲಿಗೆ ಅವಳನ್ನು ಬಿಟ್ಟು, "ಬಸ್ಸಿಗೆ ಮುಂಚೆ ಬಾ" ಎಂದು ಹೇಳಿ ತಾನು ನಿಲ್ದಾಣದ ಬೆಂಚಿಗೆ ಹೋದ.

ಹುಡುಗಿಗೆ ಹತ್ತು ವರ್ಷ. ಎರಡು ಜಡೆ, ಚುರುಕು ಕಣ್ಣು. ರುದ್ರಾಣಿ ಮುಟ್ಟಲು ಕೈ ಚಾಚಿ, ತನ್ನ ಬೆರಳು ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು. ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ, ನಿಂಬೆಹಣ್ಣಿನ ಪಾನಕ ಮಾಡಿ ಕೊಟ್ಟಳು. ಶಿವಾನಿ ಗುಟುಕರಿಸುತ್ತ ಸುತ್ತಲೂ ನೋಡಿದಳು. ಅಲ್ಲಿಯ ಕಟ್ಟೆಯೂ ಕಡಪ ಕಲ್ಲಿನದೇ, ಮೈತುಂಬ ಬಿಳಿ ಕಲೆ.

"ನಿಮ್ಮ ಕಲ್ಲು ಯಾಕೆ ಹಿಂಗಿದೆ?" ಎಂದು ಕೇಳಿದಳು.

ನಿಮ್ಮ ಎಂದಳು. ಅಮ್ಮನಿಗೆ ಯಾರು ಬಹುವಚನ ಹಚ್ಚುತ್ತಾರೆ? ಪರಸ್ಥಳದ ಹೆಂಗಸಿಗೆ ಹಚ್ಚುವ ಮರ್ಯಾದೆ ಅದು. ಆದರೂ ರುದ್ರಾಣಿಯ ಎದೆ ಹಾರಿತು. ಇಷ್ಟು ವರ್ಷ ಯಾರಾದರೂ ಒಬ್ಬರು ಇದೊಂದು ಮಾತನ್ನು ಕೇಳಲೆಂದು ಕಾದಿದ್ದವಳು ಅವಳು, ಕೇಳಿದವಳು ಮಗಳೇ ಆಗಿಬಿಟ್ಟಳು. ಕಲ್ಲಿನ ಮೂಲೆಯಲ್ಲಿ ಇನ್ನೂ ಕಪ್ಪಾಗಿ ಉಳಿದಿದ್ದ ಜಾಗ ಹುಡುಕಿ ಅರ್ಧ ಹೋಳು ಬೋರಲಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಒರೆಸಿದಳು. ತೆಳ್ಳಗೆ ಬಿಳಿ ಉಂಗುರ ಮೂಡಿತ್ತು.

"ನೋಡು ಮಗ. ಈ ಜಾತಿ ಕಲ್ಲು ಹುಳಿಗೆ ಕರಗ್ತದೆ. ಆ ಲಿಂಗಾನೂ ಇದೇ ಥರದ್ದು. ನೀನು ನೋಡಿದ್ದೆ, ಗುಹೇಲಿ, ಪಾಪುಗೆ ಹಾಲು ಕುಡಿಸ್ತಾ ಇದೆ ಅಂದಿದ್ದೆ. ಅದನ್ನ ನಾನು ತಿನ್ನಲಿಲ್ಲ ಕಣವ್ವ. ನನ್ನ ಕೈಗೆ ದೋಷ ಇರ್ಲಿಲ್ಲ."

ಶಿವಾನಿ ಉಂಗುರದ ಮೇಲೆ ಬೆರಳಾಡಿಸಿದಳು. ಓದಿನಲ್ಲಿ ಜಾಣೆ, ಯೋಚಿಸಿದಳು. "ನಮ್ಮ ಮಿಸ್ ಹೇಳಿದಾರೆ. ಆಸಿಡ್ಡು. ಸುಣ್ಣದ ಕಲ್ಲಿಗೆ ಬಿದ್ರೆ ನೊರೆ ಬರುತ್ತೆ."

"ಹೂಂ! ಅದೇ, ಅದೇ ಕಣವ್ವ!" ರುದ್ರಾಣಿಯ ಕಣ್ಣಲ್ಲಿ ನೀರು ತುಂಬಿತು.

"ನಿಮಗೆ ಇದು ಮೊದ್ಲೇ ಗೊತ್ತಿತ್ತಾ?"

"ಗೊತ್ತಾಗಿತ್ತು. ಶಿವರಾತ್ರಿಗೆ ಮುಂಚೇನೇ ಗೊತ್ತಾಗಿತ್ತು."

"ಗೊತ್ತಿದ್ದೂ ಹಿಂಡಿದ್ರಾ? ಸೋಮವಾರ ಸೋಮವಾರ? ಪೂರ್ತಿ ಕರಗೋವರೆಗೂ?"

ನಿನಗೋಸ್ಕರ ಎಂಬ ಮಾತು ರುದ್ರಾಣಿಯ ಗಂಟಲಿಗೆ ಬಂತು. ಹತ್ತು ವರ್ಷದ ಮಗುವಿನ ತಲೆಗೆ ಅದನ್ನು ಹೇಗೆ ಹೊರಿಸುವುದು? "ಹೂಂ" ಎಂದಷ್ಟೇ ಎಂದಳು.

"ಹಂಗಾದ್ರೆ ಅಜ್ಜಿ ಹೇಳಿದ್ದು ಸುಳ್ಳಲ್ಲ" ಎಂದಳು ಶಿವಾನಿ. ಸಿಟ್ಟಿನಿಂದಲ್ಲ, ಲೆಕ್ಕ ಸರಿಬಂದಾಗ ಮಕ್ಕಳು ಹೇಳುತ್ತಾರಲ್ಲ ಹಾಗೆ. ಲೋಟವನ್ನು ಕಟ್ಟೆಯ ಮೇಲಿಟ್ಟು, ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಅಪ್ಪನ ಕಡೆ ಓಡಿದಳು. ತಿರುಗಿ ನೋಡಲಿಲ್ಲ.

ಲೋಟದಲ್ಲಿ ಪಾನಕ ಅರ್ಧ ಉಳಿದಿತ್ತು. ನಂಜನಗೂಡಿನ ಬಸ್ಸು ಹಾರನ್ನು ಹೊಡೆದು ಹೊರಟಿತು. ಬೆಟ್ಟಸ್ವಾಮಿ ಗಲ್ಲಾದಿಂದಲೇ, "ಎರಡು ಚಿತ್ರಾನ್ನ ಕಣವ್ವಾ" ಎಂದು ಕೂಗಿದರು. ರುದ್ರಾಣಿ ಬುಟ್ಟಿಯಿಂದ ಇನ್ನೊಂದು ನಿಂಬೆಹಣ್ಣು ತೆಗೆದುಕೊಂಡಳು.